ಕಾಂಚನಾಳ ಕೋಟು

ವುಡ್‌ಬ್ರಿಡ್ಜ್
26 ಫೆಬ್ರವರಿ 1978, ಭಾನುವಾರ

ಚಿ. ಶೈಲಜಾಳಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ಇಲ್ಲಿ ನಾನೂ ನಿಮ್ಮಪ್ಪನೂ ಕ್ಷೇಮ. ಬಾಯ್ಲರ್ ಒಂದಕ್ಕೆ ಮಾತ್ರ ಕ್ಷೇಮವಿಲ್ಲ, ದಿನವಿಡೀ ಕೆಮ್ಮುತ್ತದೆ. ಕಾಗದ ಬರೆಯುವುದು ಮೂರು ವಾರ ತಡವಾಯಿತು. ಹಿಮ ಬಿದ್ದು ದಾರಿ ಮುಚ್ಚಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಪೋಸ್ಟಿನವನು ಎರಡೇ ದಿನ ತಪ್ಪಿಸಿದ್ದು. ನನ್ನ ಸಿಟ್ಟು ಇಳಿಯಬೇಕಿತ್ತು, ಇಳಿದಿದೆ. ಫೋನು ಮಾಡಬಹುದಿತ್ತು. ಫೋನಿನಲ್ಲಾದರೆ ನೀನು ಇಂಗ್ಲಿಷಿಗೆ ಇಳಿಯುತ್ತೀಯ, ನಾನು ಜೋರಿಗೆ ಏರುತ್ತೇನೆ. ಮೈಸೂರಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಕನ್ನಡ ಇದನ್ನು ಓದುವಷ್ಟು ಉಳಿದಿರಬೇಕು. ತಡವರಿಸಿದರೆ ಗಟ್ಟಿಯಾಗಿ ಓದು, ಅರ್ಥವಾಗುತ್ತದೆ.

ಪ್ರತಿ ಶನಿವಾರ ಹಾಸ್ಟೆಲಿನಿಂದ ಬಸ್ಸು ಹತ್ತಿ ಊಟಕ್ಕೆ ಬರುತ್ತಿದ್ದವಳು ನಾಲ್ಕು ಶನಿವಾರದಿಂದ ಬಂದಿಲ್ಲ. ಪರೀಕ್ಷೆ ಎಂದು ಅಪ್ಪನಿಗೆ ಹೇಳಿದೆಯಂತೆ. ಇರಲಿ. ಕೋಟಿನ ಸಂಗತಿಯನ್ನು, ನಿನಗೆ ಏನೂ ಗೊತ್ತಿಲ್ಲ ಎಂದುಕೊಂಡು, ಮೊದಲಿನಿಂದ ಬರೆಯುತ್ತೇನೆ.

ಪಕ್ಕದ ಮನೆಯ ಟೋನಿಯ ಹೆಂಡತಿ ಕನ್ಸೆಟ್ಟಾ ನವೆಂಬರಿನಲ್ಲಿ ತೀರಿಕೊಂಡಳಲ್ಲ. ನಾನು ಅವಳನ್ನು ಕಾಂಚನಾ ಎಂದೇ ಕರೆದೆ, ಹತ್ತು ವರ್ಷ ಅವಳು ಓಗೊಟ್ಟಳು. ನಾವು ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ನಡುಗುತ್ತಿದ್ದ ನನ್ನನ್ನು ಒಳಗೆ ಎಳೆದುಕೊಂಡು ಹೋಗಿ ಕಾಲುಚೀಲ ತೊಡಿಸಿದವಳು ಅವಳು. ಕಾಯಿಲೆ ಬಿದ್ದಾಗ ನನ್ನ ತಿಳಿಸಾರು ಒಂದೇ ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿದ್ದುದು. ತನ್ನ ತುಪ್ಪಳದ ಕೋಟು ನನಗೆ ಸೇರಬೇಕು ಎಂದು ಹೇಳಿ ಹೋಗಿದ್ದಳು. ಟೋನಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಾಗ, ಮುತ್ತೈದೆಯಾಗಿ ಹೋದವಳು ಕೊಟ್ಟದ್ದನ್ನು ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ನಿಮ್ಮಪ್ಪನನ್ನು ಕೇಳಿದೆ, "ರೀ, ಇದು ಪ್ರಾಣೀದಾ?"

ಅವರು ತೋಳನ್ನು ತಿಕ್ಕಿ ನೋಡಿ, "ಅಕ್ರಿಲಿಕ್ ಕಣೇ. ಈಗೆಲ್ಲಾ ಹೀಗೇ ಮಾಡ್ತಾರೆ" ಅಂದರು. ಇಪ್ಪತ್ತು ವರ್ಷ ಕೆಮಿಸ್ಟ್ರಿ ಮಾಡಿದವರು, ಔಷಧಿ ಮಾಡಲು ದಿನಾ ಪ್ರಿನ್ಸ್‌ಟನ್‌ಗೆ ಡ್ರೈವ್ ಮಾಡುವವರು. ಹೈಸ್ಕೂಲಿಗೇ ಓದು ಬಿಟ್ಟ ನಾನು ಏನು ಹೇಳಲಿ. ಹಾಕಿಕೊಂಡೆ. ಕನ್ನಡಿಯಲ್ಲಿ ನೋಡಿಕೊಂಡರೆ ಯಾವುದೋ ಸಂಸ್ಥಾನದ ರಾಣಿಯ ಹಾಗಿದ್ದೆ. ಹೋದ ತಿಂಗಳ ಸಂಕಷ್ಟಿಗೆ ಫ್ಲಶಿಂಗಿನ ಗಣಪತಿ ದೇವಸ್ಥಾನಕ್ಕೂ ಅದನ್ನೇ ಹಾಕಿಕೊಂಡು ಹೋಗಿ, ಬಿಚ್ಚದೆ ಇಪ್ಪತ್ತೊಂದು ಪ್ರದಕ್ಷಿಣೆ ಬಂದೆ.

ಫೆಬ್ರವರಿ ನಾಲ್ಕರಂದು ಬೂಟು ಕೊಳ್ಳಲು ಮಾಲಿಗೆ ಹೋದೆವು. ನಿಮ್ಮಪ್ಪ ನನ್ನನ್ನು ಬಾಗಿಲಲ್ಲಿ ಇಳಿಸಿ ಕಾರು ನಿಲ್ಲಿಸಲು ಹೋದರು. ಅಲ್ಲಿ ನಿಮ್ಮ ಕಾಲೇಜಿನ ಪ್ರಾಣಿದಯೆಯ ಗುಂಪು ಬೋರ್ಡು ಹಿಡಿದುಕೊಂಡು ನಿಂತಿತ್ತು. ಗಡ್ಡದವನೊಬ್ಬ ನನ್ನ ಮುಖದ ಹತ್ತಿರ ಬಂದು, "ಎಷ್ಟು ಜೀವ ತೆಗೆದು ಹೊದ್ದುಕೊಂಡಿದ್ದೀಯ, ನಾಚಿಕೆ ಆಗಲ್ವಾ ಲೇಡಿ?" ಎಂದು ಕೂಗಿದ.

"ನನ್ನ ಮನೆಯಲ್ಲಿ ಇವತ್ತಿನವರೆಗೆ ಒಂದು ಮೊಟ್ಟೆ ಒಡೆದಿಲ್ಲ," ಅಂದೆ. "ನೀನು ಮಧ್ಯಾಹ್ನ ಏನು ತಿಂದೆ, ಅದನ್ನು ಹೇಳು."

ಅವನ ಬದಲು ಪಕ್ಕದವನು ಹೇಳಿದ, "ಹ್ಯಾಂಬರ್ಗರ್." ಬೋರ್ಡು ಹಿಡಿದವರೇ ನಕ್ಕುಬಿಟ್ಟರು. ಗೆದ್ದೆ ಎಂದು ನನಗೆ ಬಹಳ ಖುಷಿಯಾಯಿತು. ಅವನು ಇನ್ನೂ ನೂರು ಸಲ ಕೂಗಿದ್ದರೆ ಆ ಕೋಟನ್ನು ಜೂನ್ ತಿಂಗಳ ಸೆಕೆಯಲ್ಲೂ ಹಾಕಿಕೊಂಡು ಓಡಾಡುತ್ತಿದ್ದೆ. ನನ್ನ ಹಟ ನಿನಗೆ ಗೊತ್ತು.

ಆಮೇಲೆ ಕೆಂಪು ಟೋಪಿಯ ಹುಡುಗಿಯೊಬ್ಬಳು ಬಂದಳು. ಮೊದಲು ಕೇಳಿದ್ದು, "ಚಳಿಯಾಗ್ತಿದೆಯಾ ನಿಮಗೆ?" ಥರ್ಮಾಸಿನಿಂದ ಕಾಫಿ ಬಗ್ಗಿಸಿ ಕೊಟ್ಟಳು. ನೀರಿನ ಹಾಗಿತ್ತು, ಕುಡಿದೆ. "ಕೋಟು ಹಳೇದು ಅನ್ನಿಸುತ್ತೆ, ಯಾರು ಕೊಟ್ಟಿದ್ದು?" ಅಂದಳು. ಕಾಂಚನಾಳ ಕಥೆ ಪೂರ್ತಿ ಹೇಳಿದೆ, ಪೂರ್ತಿ ಕೇಳಿದಳು. ತನ್ನ ಅಜ್ಜಿಯ ಹತ್ತಿರವೂ ಒಂದಿದೆ, ಅವರಿಗೆ ಹೇಳಲು ತನಗಿನ್ನೂ ಧೈರ್ಯ ಬಂದಿಲ್ಲ ಅಂದಳು. ನಾನು ಅಕ್ರಿಲಿಕ್ ಎಂದಾಗ ನಗಲಿಲ್ಲ. "ನೋಡಲಾ?" ಎಂದು ಅಪ್ಪಣೆ ಕೇಳಿ ತೋಳಿನ ಮೇಲೆ ಊದಿದಳು. ಕೂದಲು ಬೇರೆಯಾಗಿ ಬುಡದಲ್ಲಿ ಚರ್ಮ ಕಾಣಿಸಿತು. ಮಸ್ಕ್‌ರ‍್ಯಾಟ್ ಇರಬೇಕು, ಅಂದರೆ ನೀರಿನ ದಂಡೆಯ ದೊಡ್ಡ ಇಲಿಯಂಥದು, ಒಂದು ಕೋಟಿಗೆ ಎಪ್ಪತ್ತು ಎಂಬತ್ತು ಬೇಕಾಗುತ್ತದೆ ಅಂದಳು. ಕಬ್ಬಿಣದ ಬೋನಿಗೆ ಕಾಲು ಸಿಕ್ಕಿಕೊಂಡರೆ ಆ ಕಾಲನ್ನೇ ಕಡಿದುಕೊಂಡು ತಪ್ಪಿಸಿಕೊಳ್ಳಲು ನೋಡುತ್ತದಂತೆ.

ಶೈಲೂ, ಗಣಪತಿಯ ವಾಹನ. ಎಂಬತ್ತು ವಾಹನ ಹೊದ್ದುಕೊಂಡು ಅವನಿಗೇ ಇಪ್ಪತ್ತೊಂದು ಸುತ್ತು ಬಂದಿದ್ದೆ.

ನಿಜ ಹೇಳುತ್ತೇನೆ, ನನಗೆ ಅನುಮಾನ ಮೊದಲೇ ಇತ್ತು. ಬೆಚ್ಚಗಿತ್ತು, ಊದಿ ನೋಡಲಿಲ್ಲ. ಆ ಹುಡುಗಿ ನನ್ನ ರೇಷ್ಮೆ ಸೀರೆಯನ್ನೂ ನೋಡಿದಳು, ಏನೂ ಅನ್ನಲಿಲ್ಲ. ಕೊಳ್ಳೇಗಾಲದಲ್ಲಿ ರೇಷ್ಮೆಗೂಡು ಬೇಯಿಸುವ ವಾಸನೆಯಲ್ಲೇ ಬೆಳೆದವಳು ನಾನು. ಆ ಮಾತನ್ನು ನೀನೂ ಈಗಲೇ ಎತ್ತಬೇಡ. ಒಂದು ಸಲಕ್ಕೆ ಒಂದು ಸಾಕು.

ಕೋಟನ್ನು ಇನ್ನು ತೊಡುವ ಹಾಗಿರಲಿಲ್ಲ. ಟೋನಿಗೆ ಹಿಂದಿರುಗಿಸುವುದು ಹೇಗೆ? ಹೆಂಡತಿಯ ಕೊನೆಯ ಮಾತು ನಡೆಸಿಕೊಟ್ಟವನಿಗೆ, ಅವಳು ಹೊದ್ದದ್ದು ಇಂಥದು ಎಂದು ಮುಖಕ್ಕೆ ಹೇಳಲಾಗುತ್ತದೆಯೇ? ಹದಿನೈದು ದಿನ ಅದು ಬೀರುವಿನಲ್ಲಿ ನೇತಾಡಿತು. ಹೋದ ವಾರ ನಾನೂ ಕೆಂಪು ಟೋಪಿಯವಳ ದಾರಿ ಹಿಡಿದೆ. ಒಂದು ಕೈಯಲ್ಲಿ ಸಾರಿನ ಪಾತ್ರೆ, ಇನ್ನೊಂದರಲ್ಲಿ ಕೋಟು. "ಊಟ ಆಯ್ತಾ ಟೋನಿ? ಇದನ್ನು ಕಾಂಚನಾಗೆ ಯಾವಾಗ ತಂದುಕೊಟ್ಟಿರಿ?" ಎಂದಷ್ಟೇ ಕೇಳಿದೆ. ಯುದ್ಧ ಮುಗಿಸಿ ಬಂದ ವರ್ಷವಂತೆ. ಅದನ್ನು ತೊಟ್ಟ ದಿನ ಚರ್ಚಿಗೆ ಹತ್ತಿರದ ದಾರಿ ಬಿಟ್ಟು ಎರಡು ಬೀದಿ ಸುತ್ತಿಕೊಂಡು ಹೋಗುತ್ತಿದ್ದಳಂತೆ, ಎಲ್ಲರೂ ನೋಡಲಿ ಎಂದು. ಅವನು ಹೇಳುತ್ತಾ ಹೋದ. ನಾನು ಕೋಟನ್ನು ಸೋಫಾದ ಮೇಲಿಟ್ಟು ಕೇಳುತ್ತಾ ಕುಳಿತೆ.

ಕಾಂಚನಾಳ ಬೆಕ್ಕು ಅವಳು ಹೋದಾಗಿನಿಂದ ಮಂಚದ ಕೆಳಗೇ ಇದ್ದು ಸೊರಗಿತ್ತು. ಅದು ಮೆಲ್ಲಗೆ ಹೊರಗೆ ಬಂತು. ಕೋಟನ್ನು ಮೂಸಿತು, ಹತ್ತಿತು, ಮುಂಗಾಲಿನಲ್ಲಿ ಹಿಟ್ಟು ನಾದುವ ಹಾಗೆ ನಾದಿ, ಕಾಲರಿನೊಳಗೆ ಮುಖ ಹುದುಗಿಸಿ ಗುರುಗುಟ್ಟುತ್ತಾ ಮಲಗಿಬಿಟ್ಟಿತು. ಟೋನಿ ಕಣ್ಣು ಒರೆಸಿಕೊಂಡ, ಆಮೇಲೆ ನಕ್ಕ. "ಮಿಸೆಸ್ ಮೂರ್ತಿ, ತಪ್ಪು ತಿಳಿಯಬೇಡಿ, ಇದನ್ನು ಇವಳಿಗೇ ಬಿಟ್ಟುಕೊಡ್ತೀರಾ?" ಎಂದು ನನ್ನನ್ನೇ ಕೇಳಿಕೊಂಡ. ದೊಡ್ಡ ಮನಸ್ಸು ಮಾಡಿದವಳ ಹಾಗೆ ಒಪ್ಪಿದೆ. ಹೊರಡುವಾಗ ಬಾಗಿಲಲ್ಲಿ ನಿಂತು ಬೋನಿನ ವಿಷಯವನ್ನೂ ಹೇಳಿದೆ. ಅವನು ಸೋಫಾದ ಕಡೆ ತಿರುಗಿ ನೋಡಿ, "ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನನ್ನ ತಲೆ ಮೇಲೆ ಎಸೀತಿದ್ದಳು" ಅಂದ.

ಮನೆಗೆ ಬಂದು ಹೇಳಿದರೆ ನಿಮ್ಮಪ್ಪ, "ಸರಿ ಬಿಡು, ಇಲಿ ಕೊನೆಗೂ ಬೆಕ್ಕಿಗೇ ಸೇರಿತು" ಅಂದರು. ಅಕ್ರಿಲಿಕ್ ಎಂದರೆ ಮಾತ್ರ ಈಗ ಪೇಪರು ಅಡ್ಡ ಹಿಡಿಯುತ್ತಾರೆ. ನಿನ್ನೆ ಸಂಕಷ್ಟಿಗೆ ಹಳೆಯ ಶಾಲು ಹೊದ್ದುಕೊಂಡು ಫ್ಲಶಿಂಗಿಗೆ ಹೋಗಿ ತಪ್ಪೊಪ್ಪಿಕೊಂಡು ಬಂದೆ. ಚಳಿಗೆ ಹಲ್ಲು ಕಟಕಟ ಅಂದರೂ ಮನಸ್ಸು ಹಗುರವಾಗಿತ್ತು.

ನಿಮ್ಮ ಗುಂಪಿನವರ ಕೆಲಸ ಸರಿಯಾದದ್ದೇ, ಬಿಡಬೇಡ. ಕೋಟು ತೊಟ್ಟವರ ಹತ್ತಿರ ಹೋಗುವಾಗ ಬೋರ್ಡನ್ನು ಗೋಡೆಗೆ ಒರಗಿಸಿ ಹೋಗಿ. ಯಾರು ಕೊಟ್ಟದ್ದು ಎಂದು ಕೇಳಿ, ಉತ್ತರ ಮುಗಿಯುವವರೆಗೆ ಬಾಯಿ ಬಿಡಬೇಡಿ. ಹ್ಯಾಂಬರ್ಗರ್ ತಿಂದವನನ್ನು ಮುಂದೆ ನಿಲ್ಲಿಸಬೇಡಿ. ಆ ಕೆಂಪು ಟೋಪಿಯವಳನ್ನು ಒಮ್ಮೆ ಮನೆಗೆ ಕರೆದುಕೊಂಡು ಬಾ, ಕಾಫಿ ಅಂದರೆ ಏನು ಎಂದು ತೋರಿಸುತ್ತೇನೆ.

ಚೆನ್ನಾಗಿ ಓದು. ತಲೆಗೆ ಎಣ್ಣೆ ಹಚ್ಚು. ದೇವರು ನಿನಗೆ ಆಯಸ್ಸನ್ನೂ ಒಳ್ಳೆಯ ಬುದ್ಧಿಯನ್ನೂ ಕೊಟ್ಟು ಕಾಪಾಡಲಿ.

ಇಂತು ನಿನ್ನ ಅಮ್ಮ,
ರಮಾಮಣಿ

ಮತ್ತೆ ಒಂದು ಮಾತು: ಕೂಗಿದವನನ್ನು ನಾನು ಆ ದಿನವೇ ಮರೆತೆ. ಅವನು ಕೂಗುವುದಕ್ಕೆ ಮುಂಚೆ ನನ್ನ ಕೈಗೆ ಒಂದು ಕರಪತ್ರ ಬಂದಿತ್ತು. ಕೊಟ್ಟ ಕೈಗೆ ನಾನು ಹೆಣೆದ ಹಸಿರು ಗ್ಲೌಸು ಇತ್ತು. ನೀನು ನನ್ನ ಹಣೆಯ ಕುಂಕುಮ ನೋಡಿದೆ, ಮುಖ ನೋಡಿದೆ, "ಹಿಯರ್ ಯೂ ಆರ್, ಮ್ಯಾಮ್" ಎಂದು ಮುಂದಿನವರ ಕಡೆ ತಿರುಗಿದೆ. ನಾನೂ "ಥ್ಯಾಂಕ್ ಯೂ" ಅಂದೆ. ಕರಪತ್ರವನ್ನು ದೇವರ ಗೂಡಿನಲ್ಲಿ ಇಟ್ಟಿದ್ದೇನೆ, ಇನ್ನೆಲ್ಲಿ ಇಡುವುದೋ ತಿಳಿಯಲಿಲ್ಲ. ಸ್ನೇಹಿತರ ಎದುರಿಗೆ ನೀನು ಅಮ್ಮ ಎನ್ನದೆ ಹೋದದ್ದು ಕೋಟಿನಿಂದಲೋ, ಅದರ ಕೆಳಗಿನ ಸೀರೆಯಿಂದಲೋ? ಕೋಟಾದರೆ ಅದು ಹೋಯಿತು. ಸೀರೆಯಾದರೆ ಅದು ಹೋಗುವುದಿಲ್ಲ. ಯಾವುದಾದರೂ ಸರಿ, ಶನಿವಾರ ಬಾ. ಬಾಗಿಲು ತೆಗೆದಾಗ ನಾನು ಬೈಯುವುದಿಲ್ಲ. ಚಳಿಯಾಗ್ತಿದೆಯಾ ಎಂದೇ ಮೊದಲು ಕೇಳುತ್ತೇನೆ.