ಇಸ್ಪೀಟಿನಲ್ಲಿ ಸೋತ ತಮ್ಮ

ಮಾರ್ಚ್ ೧೨, ಗುರುವಾರ

ಆ ಅಕ್ಕನ ದನಿ ಇನ್ನೂ ಕಿವಿ ಬಿಟ್ಟು ಹೋಗಿಲ್ಲ.

ಸರ್ಕಾರಿ ಕೊಳವೆ ಗುತ್ತಿಗೆಯ ಲಂಚದ ಮೊಕದ್ದಮೆ ಕೇಳಲು ಇವತ್ತೂ ಕೋರ್ಟಿಗೆ ಹೋಗಿದ್ದೆ. ಗುತ್ತಿಗೆ ಹಿಡಿದ ಕಂಪನಿಯ ದೊಡ್ಡ ಸಾಹೇಬ ಪ್ರತಿ ಶನಿವಾರ ಅಧಿಕಾರಿಗಳನ್ನು ಮನೆಗೆ ಕರೆದು, ಇಸ್ಪೀಟಿನಲ್ಲಿ ಅವರಿಗೆ ಕಂತೆ ಕಂತೆ ಹಣ ಸೋಲುತ್ತಿದ್ದ. ಲಂಚವಲ್ಲ, ಬರೀ ಆಟ ಎಂದು ಅವನ ವಾದ. ಎಂಥ ತಲೆ! ಇಂಥ ವಿಚಾರಣೆಗಳನ್ನು ಎಷ್ಟೋ ನೋಡಿದ್ದೇನೆ. ಕಟಕಟೆ ಹತ್ತಿದ ಸಾಕ್ಷಿಗಳಿಗೆಲ್ಲ ಮರೆವಿನ ರೋಗ.

ಆಟ ನಡೆದದ್ದು ನಿಜವೆಂದು ಹೇಳಿಸಲು ಸಾಹೇಬನ ವಕೀಲರೇ ಅವನ ಅಕ್ಕನನ್ನು ಕರೆಸಿದ್ದರು. ತಾಯಿಯಿಲ್ಲದ ಅವನನ್ನು ಸಾಕಿ ಬೆಳೆಸಿದಾಕೆ, ಈಗ ಅವನ ಮನೆಯಲ್ಲೇ ಇರುವಾಕೆ. "ಹೌದು, ಆಡ್ತಿದ್ರು" ಎಂದರು.

ಸರ್ಕಾರಿ ವಕೀಲರು ಎದ್ದು, "ನಿಮ್ಮ ತಮ್ಮ ಆಟದಲ್ಲಿ ಅಷ್ಟು ದಡ್ಡನೇನಮ್ಮಾ?" ಎಂದರು.

ಆಕೆ ತಮ್ಮನನ್ನು ನೋಡಿದರು. ಅವನು ಕಣ್ಣಲ್ಲೇ ಬೇಡಿಕೊಂಡ.

"ದಡ್ಡನಾ? ಐದು ವರ್ಷದ ಮಗಳ ಜೊತೆ ಕೂತ್ರೂ ಅವಳನ್ನ ಸೋಲಿಸಿ, ಅಳಿಸಿಯೇ ಏಳೋನು ಸ್ವಾಮಿ ಇವ್ನು! ಬೇಕಂತ್ಲೇ ಸೋತಿದಾನೆ."

"ಅಕ್ಕಾ, ನನ್ನ ಮನೆ ಅನ್ನ ತಿಂದು..." ಎಂದು ಅವನು ಕೂಗಿದ.

"ನಿಂಗೆ ತುತ್ತು ತಿನ್ನಿಸಿದ್ದು ಯಾರೋ, ಪುಟ್ಟಾ?" ದನಿ ಏರಿಸಲೂ ಇಲ್ಲ.

ಕಲಾಪ ಮುಗಿದು ಹೊರಗೆ ಬಂದರೆ ಆಕೆ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು, ಪಕ್ಕದಲ್ಲಿ ಹಗ್ಗ ಬಿಗಿದ ಪೆಟ್ಟಿಗೆ. ಬೆಳಿಗ್ಗೆ ತಮ್ಮನ ಮನೆ ಬಿಡುವಾಗಲೇ ಬಟ್ಟೆಬರೆಯೆಲ್ಲ ಕಟ್ಟಿಕೊಂಡು ಬಂದಿದ್ದರು, ಮಹಾತಾಯಿ.