ಹದಿನಾಲ್ಕು ಬಾಗಿಲಿಗೆ ನಿಲ್ಲುತ್ತಿದ್ದ ಬಸ್ಸು

ಸೋಮವಾರ, ಮೂರನೇ ತಾರೀಕು

ನನ್ನ ಪುಟ್ಟಿಗೆ ಅಮ್ಮನ ಆಶೀರ್ವಾದ.

ಮೊದಲು ಸುದ್ದಿ, ಕ್ಷೇಮ ಸಮಾಚಾರ ಆಮೇಲೆ. ನಮ್ಮ ಬಸ್ಸು ಉಳಿಯಿತು ಕಣೇ!

ಡೀಸೆಲ್ ಬೆಲೆ ಏರಿದೆ, ನಿಮ್ಮೂರ ಬಸ್ಸು ಬಿಳಿಯಾನೆ ಆಗಿದೆ, ಇನ್ನೊಂದು ವಾರಕ್ಕೆ ನಿಲ್ಲಿಸುತ್ತೇವೆ ಅಂತ ಡಿಪೋ ಸಾಹೇಬರು ಬಸ್ಸಿನೊಳಗೇ ಚೀಟಿ ಅಂಟಿಸಿದ್ದರು. ಪೇಟೆ ಇಪ್ಪತ್ತು ಮೈಲಿ. ಬಸ್ಸಿಲ್ಲದಿದ್ದರೆ ನಿನ್ನ ಅತ್ತಿಗೆಯ ನರ್ಸ್ ತರಬೇತಿಗೂ ಮಂಗಳ. ಅವಳು ಅಳಲಿಲ್ಲ, ರೇಗಲಿಲ್ಲ. ಬಿಳಿ ಸಮವಸ್ತ್ರ ಇಸ್ತ್ರಿ ಮಾಡಿ, ಮಡಿಚಿ, ಪೆಟ್ಟಿಗೆಯ ತಳಕ್ಕೆ ಹಾಕಿ ಮೇಲೆ ಹಳೇ ಕಂಬಳಿ ಹೊದಿಸಿದಳು. ಅದನ್ನು ನೋಡಿದ ಮೇಲೆ ನನಗೆ ಕೈಕಟ್ಟಿ ಕೂರಲಾಗಲಿಲ್ಲ.

ಮಾರನೇ ದಿನ ಡ್ರೈವರಣ್ಣನನ್ನು ಹಿಡಿದು, ನಮ್ಮೂರೊಂದೇ ಯಾಕಪ್ಪ ಭಾರವಾಯಿತು ಅಂತ ಕೇಳಿದೆ. ಬೇರೆ ಊರಲ್ಲಿ ಒಂದೇ ಸಲ ನಿಲ್ಲಿಸುತ್ತೇನೆ, ಇಲ್ಲಿ ಹದಿನಾಲ್ಕು ಬಾಗಿಲಿಗೆ ನಿಲ್ಲಿಸಬೇಕು ಅಂದ. ಒಬ್ಬರು ಜಡೆ ಹಾಕುತ್ತಿರುತ್ತಾರೆ, ಒಬ್ಬರು ಚಪ್ಪಲಿ ಹುಡುಕುತ್ತಿರುತ್ತಾರೆ. ಹಳೇ ಇಂಜಿನ್ನು, ಆರಿಸಿದರೆ ಮತ್ತೆ ಏಳಲ್ಲ, ನಿಂತಲ್ಲೇ ಡೀಸೆಲ್ ಕುಡಿಯುತ್ತೆ ಅಂದ. ಅಷ್ಟಕ್ಕೇ ಸುಮ್ಮನಿರಬಾರದೇ? ಎಲ್ಲರಿಗಿಂತ ಜಾಸ್ತಿ ಕಾಯೋದು ನಿಮ್ಮ ಬಾಗಿಲಲ್ಲೇ ಅಮ್ಮಾ, ನಿಮ್ಮ ಬೆಳಗಿನ ಪ್ರಾರ್ಥನೆ ಮುಗಿಯೋವರೆಗೂ; ಅದು ದೇವರಿಗೆ ಕೇಳಿಸಿತೋ ಇಲ್ಲವೋ, ನನ್ನ ಟ್ಯಾಂಕಿಗೆ ಪೂರ್ತಿ ಕೇಳಿಸಿದೆ ಅಂದ!

ಬಸ್ಸು ಕಾಯುವುದು ನಮಗೆ ಕೊಡುವ ಮರ್ಯಾದೆ ಅಂದುಕೊಂಡಿದ್ದೆವು ನೋಡು. ನಾಚಿಕೆಯಾಯಿತು.

ಅವತ್ತೇ ಸಂಜೆ ಉಳಿದ ಹದಿಮೂರೂ ಬಾಗಿಲು ತಟ್ಟಿದೆ. ನಾಳೆಯಿಂದ ಎಲ್ಲರೂ ಶಾಲೆ ಗೋಡೆ ಹತ್ತಿರ, ಬಸ್ಸಿಗಿಂತ ಮುಂಚೆ ಅಂದೆ. ಮದುವೆಯಾದಾಗಿನಿಂದ ಬಸ್ಸು ನನ್ನ ಬಾಗಿಲಿಗೇ ಬಂದಿದೆ ಅಂತ ಅಂಗಡಿಯವನ ಹೆಂಡತಿ ಮೂತಿ ತಿರುವಿದಳು. ಇನ್ನು ನಾನು ಬರುತ್ತೇನೆ ತಾಯಿ, ದಿನಾ ಬೈಯೋಕೆ ಅಂದೆ. ಪ್ರಾರ್ಥನೆಯನ್ನು ಒಂದು ಗಂಟೆ ಮುಂಚೆಗೆ ತಂದೆ. ದೇವರಿಗೇನು ನಿದ್ದೆಯೇ, ಏಳಬೇಕಾದವಳು ನಾನು. ಕಂಬಳಿ ಕೆಳಗಿದ್ದ ಸಮವಸ್ತ್ರವನ್ನೂ ನಾನೇ ತೆಗೆದುಕೊಟ್ಟೆ. ಡ್ರೈವರಣ್ಣ ಸಾಹೇಬರ ಕಾಲು ಹಿಡಿದು ಒಂದು ತಿಂಗಳ ಗಡುವು ತಂದ.

ಇವತ್ತು ಸಾಹೇಬರು ಖುದ್ದಾಗಿ ಬಸ್ಸಿನಲ್ಲಿ ಬಂದರು. ಗೋಡೆ ಪಕ್ಕ ಇಪ್ಪತ್ತೆರಡು ಜನ ಸಾಲಾಗಿ ನಿಂತಿದ್ದೆವು, ಮುಂದೆ ಕೋಲಿನಜ್ಜಿ. ಬಸ್ಸು ನಿಂತಿತು, ಇರುವೆಗಳ ಹಾಗೆ ಹತ್ತಿದೆವು, ಹೊರಟಿತು. ಸಾಹೇಬರು ಗಡಿಯಾರ ನೋಡಿದರು, ನಮ್ಮನ್ನು ನೋಡಿದರು. ತಿಂಗಳಿಡೀ ಇಷ್ಟೊಂದು ಡೀಸೆಲ್ ಉಳಿದದ್ದು ಹೇಗೆ ಅಂತ ಈಗ ತಿಳಿಯಿತು ಅಂದು, ತಮ್ಮ ಕೈಯಾರೆ ಆ ಚೀಟಿ ಕಿತ್ತರು. ಬಸ್ಸೊಳಗೆ ಒಂದು ಶಿಳ್ಳೆ ಬಿತ್ತು ನೋಡು, ಕಿವಿ ಗುಂಯ್ ಅಂದಿತು. ಹಾಕಿದ್ದು ಕೋಲಿನಜ್ಜಿ! ನಿನ್ನ ಅತ್ತಿಗೆ ಕಿಟಕಿ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಇನ್ನು ಎಲ್ಲರೂ ಕ್ಷೇಮ. ನಿನ್ನ ಮಂಡಿನೋವು ಹೇಗಿದೆ, ಬರಿ.

ಊರನ್ನೇ ಸಾಲು ನಿಲ್ಲಿಸಿದ
ನಿನ್ನ ಅಮ್ಮ

ಮರೆತ ಮಾತು: ಇದು ನಿನ್ನಲ್ಲೇ ಇರಲಿ. ಸೊಸೆ ಓದು ಬಿಟ್ಟು ಮನೆಯಲ್ಲಿರಲಿ ಅಂತ ವರ್ಷವಿಡೀ ದೇವರನ್ನು ಬೇಡಿದವಳು ನಾನೇ. ಚೀಟಿ ಕಂಡಾಗ ನನ್ನ ಮೊರೆ ಮುಟ್ಟಿತು ಅಂತ ಒಂದು ಗಳಿಗೆ ಹಿಗ್ಗಿದ್ದೆ ಕೂಡ. ಅವಳು ಪಾಸಾದ ದಿನ ನಾನೇ ಹೇಳಿ ಕ್ಷಮೆ ಕೇಳುತ್ತೇನೆ.