ಕಿತ್ತಿಟ್ಟ ಪ್ಲಗ್ಗು

ರಾಯಚೂರು, 14 ಮೇ 1982, ಶುಕ್ರವಾರ

ಇವತ್ತೂ ಪ್ಲಗ್ಗು ಕಿತ್ತಿಟ್ಟೆ. ಇವತ್ತೂ ಇವರು ಮತ್ತೆ ಚುಚ್ಚಿದರು. ಮಾನ್ವಿಯ ರಿಪೇರಿಯವನು ಕೆಡಿಸಿಕೊಟ್ಟ ಹಳೇ ವಾಲ್ವ್ ಆಂಪ್ಲಿಫೈಯರನ್ನು ಪೂರ್ತಿ ಬಿಚ್ಚಿ, ಹೊಸದಾಗಿ ಕಟ್ಟುತ್ತಿದ್ದಾರೆ. ಕರೆಂಟು ಹೋದಾಗಲೇ ಒಳಗೆ ಕೈ ಹಾಕುವುದು. ಪ್ಲಗ್ಗು ಮಾತ್ರ ಹಾಗೇ ಇರಬೇಕು, ಕರೆಂಟು ಬಂದದ್ದು ಗೊತ್ತಾಗಲಿಕ್ಕೆ.

"ಕೈ ಒಳಗಿದ್ದಾಗನ ಬಂದ್ರ ಏನ್ರೀ ಗತಿ?"

"ಹೋದ್ರ ಲಗೂನ ಬರಂಗಿಲ್ಲ. ನೀ ಪದ್ಯ ಓದ್ಕೋಂತ ಕುಂದ್ರು."

ಮಧ್ಯಾಹ್ನ ಲಗೂನೇ ಬಂತು. ಇವರು ಆಗಷ್ಟೇ ಚಹಾಕ್ಕೆಂದು ಎದ್ದು ಬಂದಿದ್ದರು. ಖಾಲಿ ಮಣೆಯ ಮುಂದೆ ಗಾಜಿನ ವಾಲ್ವುಗಳು ಒಂದೊಂದಾಗಿ ಕೆಂಪಾದವು. ಇವರು ನಕ್ಕರು. ಆ ಕೆಂಪು ನನ್ನ ಕಣ್ಣಿನಿಂದ ಹೋಗುತ್ತಿಲ್ಲ. ಪುಸ್ತಕ ತೆರೆದರೂ ಪುಟದ ಮೇಲೆ ಅದೇ.

ಈಗ ಫ್ಯಾನು ನಿಂತಿತು. ಕತ್ತಲಲ್ಲಿ ಅಂದಾಜಿನ ಮೇಲೆ ಬರೆಯುತ್ತಿದ್ದೇನೆ. ಪಕ್ಕದ ಕೋಣೆಯಲ್ಲಿ ಕಡ್ಡಿ ಗೀರಿದ ಸದ್ದು, ಕಂದೀಲು ಹೊತ್ತಿಸುತ್ತಿದ್ದಾರೆ. ಪ್ಲಗ್ಗು ಇವರ ಬೆನ್ನ ಹಿಂದಿದೆ, ನಾನು ಎದ್ದು ಹೋಗಿ ಕಿತ್ತು—